ಪಾಲಕರಿಗಾಗಿ ಒಂದು ಸರಳ ಆ್ಯಪ್



ಪರೀಕ್ಷೆಯ ವೇಳಾಪತ್ರಿಕೆ, ಶುಲ್ಕದ ಗಡುವು, ಪಾಲಕರ ಸಭೆ, ವಿದ್ಯಾರ್ಥಿವೇತನದ ಅರ್ಜಿ ಮೊದಲಾದ ಶಾಲೆಯ ಸೂಚನೆಗಳು ಈಗ ಮೊಬೈಲಿನ ಮೂಲಕವೇ ಮನೆಗೆ ತಲಪುತ್ತವೆ. ಆದರೆ ಮುಂಬಯಿಯಂತಹ ನಗರದಲ್ಲಿ ಎಷ್ಟೋ ತಂದೆತಾಯಿಗಳು ನಸುಕಿನಲ್ಲಿಯೇ ಲೋಕಲ್ ಗಾಡಿ ಹಿಡಿದು ರಾತ್ರಿ ಮನೆ ಸೇರುವವರು. ವಾಟ್ಸ್‌ಆ್ಯಪ್ ಗುಂಪಿನ ಶುಭಾಶಯಗಳ ರಾಶಿಯಲ್ಲಿ ಅರ್ಜಿಯ ಕಡೆಯ ದಿನಾಂಕವು ಹೂತುಹೋದರೆ, ನಷ್ಟವನ್ನು ಅನುಭವಿಸುವವನು ವಿದ್ಯಾರ್ಥಿಯೇ ಅಲ್ಲವೆ?

ಇದನ್ನು ನಿವಾರಿಸುವ ಆ್ಯಪೊಂದನ್ನು ಮೇಲ್ತರಗತಿಯವರು ತಾವೇ ರಚಿಸಬಹುದು. 2010ರಲ್ಲಿ ಗೂಗಲ್ ಆರಂಭಿಸಿ, ಬಳಿಕ ಅಮೆರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯು ವಹಿಸಿಕೊಂಡ ಆ್ಯಪ್ ಇನ್ವೆಂಟರ್ ಎಂಬ ಸಾಧನದಲ್ಲಿ, ಆಜ್ಞೆಗಳನ್ನು ಬರೆಯದೆ ಬಣ್ಣದ ತುಣುಕುಗಳನ್ನು ಜೋಡಿಸಿಯೇ ಆ್ಯಪನ್ನು ಕಟ್ಟಲು ಬರುತ್ತದೆ. ಆದರೆ ಯಂತ್ರದ ಮುಂದೆ ಕುಳಿತುಕೊಳ್ಳುವ ಮೊದಲು ಕಾಗದ, ಪೆನ್ಸಿಲುಗಳ ಕೆಲಸವಿದೆ.

ಮೊದಲನೆಯದಾಗಿ, ಐದಾರು ಮಂದಿ ಪಾಲಕರನ್ನು ಕಂಡು, ಕಳೆದ ವರ್ಷ ಯಾವ ಸೂಚನೆ ತಮ್ಮ ಕಣ್ತಪ್ಪಿತೆಂದು ಕೇಳಿ ಬರೆದುಕೊಳ್ಳಬೇಕು. ಆ್ಯಪಿನಲ್ಲಿ ಏನಿರಬೇಕೆಂಬುದನ್ನು ಆ ಪಟ್ಟಿಯೇ ತಿಳಿಸುತ್ತದೆ.

ಎರಡನೆಯದಾಗಿ, ಮೊದಲ ಪುಟದಲ್ಲಿ ಮೂರೇ ವಿಷಯಗಳಿರಲಿ: ಇಂದು ಮಾಡಬೇಕಾದುದು, ಈ ವಾರ ನಡೆಯುವುದು, ಶಾಲೆಗೆ ತಿಳಿಸಬೇಕಾದುದು. ಗಾಡಿಯಲ್ಲಿ ನಿಂತವರ ಒಂದು ಕೈ ಆಸರೆಯ ಹಿಡಿಯಲ್ಲಿರುತ್ತದೆ; ಆದುದರಿಂದ ಗುಂಡಿಗಳು ದೊಡ್ಡವಾಗಿ, ಹೆಬ್ಬೆರಳಿಗೆ ಎಟುಕುವಂತಿರಬೇಕು. ಒಮ್ಮೆ ಬಂದ ಸೂಚನೆಯು ಅಂತರಜಾಲ ಕಡಿದಾಗಲೂ ಕಾಣುವಂತಿರಬೇಕು. ಓದಲು ಬಾರದ ಹಿರಿಯರಿಗಾಗಿ ಅದನ್ನು ಧ್ವನಿಯಲ್ಲಿಯೂ ಕೇಳಿಸುವುದು ಯುಕ್ತ.

ಮೂರನೆಯದು ಭಾಷೆ. ಅಂತರಜಾಲವಿಲ್ಲದ ಸಾದಾ ಫೋನಿನವರಿಗೆ ಎಸ್.ಎಂ.ಎಸ್. ಕಳುಹಿಸಬೇಕಾಗುತ್ತದೆ. ಒಂದು ಎಸ್.ಎಂ.ಎಸ್.ನ ಗಾತ್ರ 140 ಬೈಟು. ಅದರಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿದರೆ, ಕನ್ನಡದ ಪ್ರತಿ ಸಂಕೇತಕ್ಕೂ 2 ಬೈಟು ಬೇಕಾಗುವುದರಿಂದ 70 ಸಂಕೇತಗಳು ಮಾತ್ರ ಹಿಡಿಯುತ್ತವೆ. ವ್ಯಂಜನ, ಒತ್ತು, ಸ್ವರಚಿಹ್ನೆಗಳೆಲ್ಲ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ 6 ಸಂಕೇತಗಳು! 'ಎಲ್ಲ ಪಾಲಕರ ಗಮನಕ್ಕೆ ತರಬಯಸುವುದೇನೆಂದರೆ' ಎಂಬ ಪೀಠಿಕೆಯೇ 35 ಸಂಕೇತಗಳನ್ನು, ಎಂದರೆ ಅರ್ಧ ಸ್ಥಳವನ್ನು, ನುಂಗುತ್ತದೆ. 'ಶುಲ್ಕ ಕಟ್ಟಲು ಕೊನೆಯ ದಿನ ಜೂನ್ 20' ಎಂಬ ಪೂರ್ಣ ಸೂಚನೆಗಾದರೋ 30 ಸಾಕು.

ನಾಲ್ಕನೆಯದು ಗೋಪ್ಯತೆ. ಒಬ್ಬನ ಅಂಕಗಳು ಇನ್ನೊಬ್ಬನ ಮನೆಯವರಿಗೆ ಕಾಣಿಸಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ಸಾಮಾನ್ಯವಾಗಿ ಪಾಲಕರ ಸಮ್ಮತಿ ಅವಶ್ಯವೆಂದು ವಿಧಿಸಿದೆ. ಆದುದರಿಂದ ವಿಳಾಸ, ಜನ್ಮದಿನ, ಭಾವಚಿತ್ರ ಮುಂತಾದವುಗಳಲ್ಲಿ ಕೆಲಸಕ್ಕೆ ಬೇಡದುದನ್ನು ಕೇಳಲೇಬಾರದು.

ಕೊನೆಯದಾಗಿ, ಸಿದ್ಧವಾದ ಆ್ಯಪನ್ನು ಒಬ್ಬ ತಾಯಿಯ ಕೈಗೆ ಕೊಟ್ಟು ಸುಮ್ಮನೆ ನೋಡುತ್ತಿರಿ, ಹೇಳಿಕೊಡಬೇಡಿ. ಅವರ ಬೆರಳು ಎಲ್ಲಿ ತಡವರಿಸುವುದೋ ಅಲ್ಲಿ ದೋಷವಿರುವುದು ಆ್ಯಪಿನಲ್ಲಿ, ಅವರಲ್ಲಲ್ಲ. ಆ ಸ್ಥಳವನ್ನು ಗುರುತಿಸಿ ತಿದ್ದಿರಿ.

ಅಭ್ಯಾಸ: ನಿಮ್ಮ ಶಾಲೆಯ ಸೂಚನಾಫಲಕದಿಂದ ಒಂದು ಪ್ರಕಟಣೆಯನ್ನು ಆರಿಸಿಕೊಳ್ಳಿರಿ. ದಿನ, ಸ್ಥಳ, ಮಾಡಬೇಕಾದ ಕೆಲಸ ಇವು ಮೂರನ್ನೂ ಬಿಡದೆ, 70 ಸಂಕೇತಗಳೊಳಗೆ ಅದನ್ನು ಬರೆದು ನಿಮ್ಮ ಮನೆಯವರಿಗೆ ತೋರಿಸಿರಿ.