ಚೀಟಿ ಓದಿ, ಆಮೇಲೆ ಚೀಲ ತುಂಬಿ

ಶಿಕಾರಿಪುರ, ಸೊರಬದ ಕಡೆ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಪೊಟ್ಯಾಷ್ ಗೊಬ್ಬರದ ಖಾಲಿ ಚೀಲ ಕಂಡರೆ ಒಮ್ಮೆ ತಿರುಗಿಸಿ ನೋಡಿ. ದೊಡ್ಡಕ್ಷರದಲ್ಲಿ ‘ಭಾರತ್ ಎಂಒಪಿ’ ಎಂದಿರುತ್ತದೆ. ಸಬ್ಸಿಡಿ ಗೊಬ್ಬರಕ್ಕೆಲ್ಲ ‘ಭಾರತ್’ ಎಂಬ ಒಂದೇ ಹೆಸರಿರಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಿಂದ ಗೊತ್ತು ಮಾಡಿದೆ. ಒಳಗಿನ ಪೊಟ್ಯಾಷ್ ಮಾತ್ರ ಕೆನಡಾ, ರಷ್ಯಾ, ಬೆಲಾರೂಸ್, ಜೋರ್ಡಾನ್, ಇಸ್ರೇಲ್ ಕಡೆಯಿಂದ ಹಡಗಿನಲ್ಲಿ ಬಂದದ್ದು. ಇತ್ತ ಬುಲೆಟ್ ಬೈಕಿನ ಮೇಲಿರುವುದು ‘ರಾಯಲ್ ಎನ್‌ಫೀಲ್ಡ್’ ಎಂಬ ಅಪ್ಪಟ ಇಂಗ್ಲಿಷ್ ಹೆಸರು. ಗಾಡಿ ತಯಾರಾಗುವುದು ಚೆನ್ನೈನಲ್ಲಿ, ಕಂಪನಿ ನಮ್ಮದೇ ದೇಶದ ಐಷರ್. ಹೆಸರು ನೋಡಿ ದೇಶ ಹೇಳಲು ಹೋದರೆ ಮೋಸ ಹೋಗುತ್ತೇವೆ.

ಆದರೂ ಗಡಿಯಲ್ಲಿ ಗಲಾಟೆಯಾದಾಗಲೆಲ್ಲ ನಾವು ಹೋಗುವುದು ಹೆಸರಿನ ಹಿಂದೆಯೇ. 2020ರ ಜೂನ್‌ನಲ್ಲಿ ಗಾಲ್ವಾನ್ ಘರ್ಷಣೆಯಾಯಿತು, ಚೀನಾ ಮಾಲು ಬೇಡ ಎಂದೆವು. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಪರ ನಿಂತ ಟರ್ಕಿಯ ಸೇಬು ಬೇಡವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50ರ ಸುಂಕ ಹೇರಿದಾಗ ಕೋಲಾ, ಬರ್ಗರ್‌ಗಳ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಫಲ? 2020–21ರಲ್ಲಿ ಚೀನಾದಿಂದ ಭಾರತಕ್ಕೆ ಬಂದ ಸರಕು ಸುಮಾರು 6,500 ಕೋಟಿ ಡಾಲರ್‌ನದ್ದು. 2023–24ಕ್ಕೆ ಅದು 10,000 ಕೋಟಿ ಡಾಲರ್ ದಾಟಿತ್ತು. ಟಿ.ವಿ. ಒಡೆದವರ ಫೋಟೊ ಬಂತು, ಹೊಸ ಟಿ.ವಿ.ಯೂ ಬಂತು.

ಇನ್ನೊಂದು ದೇಶದ ಮಾಲು ಕೊಳ್ಳುವುದಿಲ್ಲ ಎಂಬುದು ನಿಮ್ಮ ಹಕ್ಕು. ಕೊಳ್ಳಬೇಕೋ ಬೇಡವೋ ಎಂದು ಹೇಳಲು ನಾನು ಯಾರೂ ಅಲ್ಲ. ಬಿಡುವುದೇ ಆದರೆ ಕೆಲಸವಾಗುವಂತೆ ಬಿಡುವುದು ಹೇಗೆ ಎಂಬುದಷ್ಟೇ ಇಲ್ಲಿನ ಮಾತು.

ಮೊದಲು ಗೊತ್ತು ಮಾಡಿಕೊಳ್ಳಿ: ಏನನ್ನು, ಯಾಕೆ, ಎಲ್ಲಿಯವರೆಗೆ

ಇದನ್ನು ಹೇಳಿಕೊಡಲು ಹೊರಗಿನ ಪಂಡಿತರು ಬೇಕಿಲ್ಲ, ಶಿಕಾರಿಪುರ ತಾಲ್ಲೂಕಿನ ಈಸೂರಿದೆ. 1942ರಲ್ಲಿ ‘ಭಾರತ ಬಿಟ್ಟು ತೊಲಗಿ’ ಕರೆ ಬಂದಾಗ ಈ ಊರಿನವರು ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಏರಿಸಿದರು. ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದರು. ಊರ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡರು. ಸರ್ಕಾರಿ ಅಧಿಕಾರಿ ಊರಿಗೆ ಬರುವುದಾದರೆ ಗಾಂಧಿ ಟೋಪಿ ಹಾಕಿಕೊಂಡು ಬರಲಿ ಎಂದರು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಅಮಲ್ದಾರ ಚನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಸತ್ತರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಜೀವಾವಧಿ ಶಿಕ್ಷೆಗೆ ಗುರಿಯಾದರು.

ಭಾಷಣಗಳಲ್ಲಿ ಈಸೂರೆಂದರೆ ಆ ರಕ್ತ, ಆ ಗಲ್ಲು. ನನಗೆ ಇಲ್ಲಿ ಬೇಕಾದದ್ದು ಅದಕ್ಕೂ ಮೊದಲಿನ ದಿನಗಳು. ಅವರು ‘ಇಂಗ್ಲಿಷರದ್ದೆಲ್ಲ ಬೇಡ’ ಎಂದು ತೇಲಿಸಿ ಹೇಳಲಿಲ್ಲ. ಕೊಡುವುದಿಲ್ಲ ಎಂದದ್ದು ಕಂದಾಯವನ್ನು. ಅದು ಎಷ್ಟು, ಯಾವಾಗ ಕೊಡಬೇಕು, ಯಾರ ಕೈ ಸೇರುತ್ತದೆ ಎಂಬುದು ಅಲ್ಲಿನ ಪ್ರತಿ ಮನೆಗೂ ಗೊತ್ತಿತ್ತು. ಬಿಟ್ಟದ್ದರ ಜಾಗಕ್ಕೆ ಏನು ಎಂಬುದಕ್ಕೂ ಉತ್ತರ ಇಟ್ಟುಕೊಂಡಿದ್ದರು: ಹಳೆಯ ಅಮಲ್ದಾರ ಬೇಡ, ಇಗೋ ನಮ್ಮ ಅಮಲ್ದಾರ.

ನೀವೂ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಯಾವ ದೇಶದ ಯಾವ ಮಾಲು; ಅವರು ಏನು ಮಾಡಿದರೆ ನಿಮ್ಮ ಸಿಟ್ಟು ಇಳಿಯುತ್ತದೆ; ಎಷ್ಟು ದಿನ. ಎರಡನೇ ಸಾಲಿಗೆ ಉತ್ತರ ಹೊಳೆಯದಿದ್ದರೆ ಅದಿನ್ನೂ ಬರೀ ಸಿಟ್ಟು. ಎರಡು ದಿನ ಬಿಟ್ಟು ಮತ್ತೆ ಹಾಳೆ ತೆಗೆಯಿರಿ.

ಮನೆಯ ಕಪಾಟು ತೆಗೆಯಿರಿ

ಹದಿನೈದು ದಿನ ಏನನ್ನೂ ಬಿಡಬೇಡಿ, ಬರೆದಿಡಿ. ಕಿರಾಣಿ, ಸಾಬೂನು, ಔಷಧ, ಮೊಬೈಲ್ ರೀಚಾರ್ಜ್, ಮಕ್ಕಳ ಆಟಿಕೆ, ತೋಟದ ಸಾಮಾನು ಎಲ್ಲವನ್ನೂ. ನಾನು ಹೀಗೆ ಬರೆಯಲು ಕೂತಾಗ ಬೆಚ್ಚಿಬೀಳಿಸಿದ್ದು ಅಡುಗೆ ಎಣ್ಣೆ. ಭಾರತ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಪಾಮ್ ಎಣ್ಣೆ ಇಂಡೊನೇಷ್ಯಾ, ಮಲೇಷ್ಯಾದ್ದು. ಸೂರ್ಯಕಾಂತಿ ಎಣ್ಣೆ ಬಹುಪಾಲು ರಷ್ಯಾ, ಉಕ್ರೇನ್, ಅರ್ಜೆಂಟೀನಾದ್ದು. ಪ್ಯಾಕೆಟ್ ಮೇಲಿರುವುದು ನಮ್ಮ ರೈತನ ನಗು. ಬಿಸ್ಕತ್ತು, ಚಿಪ್ಸ್ ಪೊಟ್ಟಣದ ಹಿಂದಿನ ಸಣ್ಣಕ್ಷರದಲ್ಲಿ ‘ಪಾಮೊಲಿನ್’ ಎಂದು ಹುಡುಕಿ, ಸಿಗುತ್ತದೆ.

ಬೇಳೆಯದೂ ಇದೇ ಕಥೆ. ತೊಗರಿ ಮೊಜಾಂಬಿಕ್, ಮ್ಯಾನ್ಮಾರ್‌ಗಳಿಂದ ಬರುತ್ತದೆ. ಮಸೂರ ಕೆನಡಾ, ಆಸ್ಟ್ರೇಲಿಯಾದಿಂದ.

ಚೀಟಿ ಓದುವುದು ಹೀಗೆ

ಪ್ಯಾಕ್ ಮಾಡಿ ಮಾರುವ ಯಾವುದೇ ಆಮದು ಸರಕಿನ ಮೇಲೆ ಅದು ಯಾವ ದೇಶದ್ದು, ತರಿಸಿದವರು ಯಾರು, ಅವರ ವಿಳಾಸವೇನು ಎಂದು ಅಚ್ಚು ಹಾಕಿರಲೇಬೇಕು. ಇದು ಕಾನೂನುಬದ್ಧ ಮಾಪನದ 2011ರ ಪೊಟ್ಟಣ ಸರಕು ನಿಯಮ. ‘ಕಂಟ್ರಿ ಆಫ್ ಒರಿಜಿನ್’ ಅಥವಾ ‘ಮೇಡ್ ಇನ್’ ಎಂಬ ಮಾತು ಹುಡುಕಿ. ಜೊತೆಗೆ ‘ಇಂಪೋರ್ಟೆಡ್ ಬೈ’ ಎಂದಿದ್ದರೆ ಹೊರಗಿನದೇ. ‘ಮಾರ್ಕೆಟೆಡ್ ಬೈ’ ಎಂದರೆ ಮಾರುವವರ ಹೆಸರು, ತಯಾರಿಸಿದವರದ್ದಲ್ಲ. ‘ಪ್ಯಾಕ್ಡ್ ಬೈ’ ಎಂದರೆ ಚೀಲಕ್ಕೆ ತುಂಬಿದವರು.

ಬಾರ್‌ಕೋಡ್ ಬಗ್ಗೆ ಒಂದು ಸುಳ್ಳು ವರ್ಷಗಳಿಂದ ಓಡಾಡುತ್ತಿದೆ: 890ರಿಂದ ಶುರುವಾದರೆ ಭಾರತದ್ದು, 690 ಎಂದಿದ್ದರೆ ಚೀನಾದ್ದು ಎಂದು. 890 ಹೇಳುವುದು ಇಷ್ಟೇ, ಆ ಕಂಪನಿ ತನ್ನ ಸಂಖ್ಯೆಯನ್ನು ಭಾರತದ ಜಿಎಸ್1 ಸಂಸ್ಥೆಯಲ್ಲಿ ನೋಂದಾಯಿಸಿದೆ. ಮಾಲು ಎಲ್ಲಿ ತಯಾರಾಯಿತು ಎಂಬುದು ಅದರಲ್ಲಿಲ್ಲ. ಐಎಸ್‌ಐ ಗುರುತೂ ಹಾಗೆಯೇ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ, ಆದರೆ ಹೊರದೇಶದ ಕಾರ್ಖಾನೆಗೂ ಆ ಪರವಾನಗಿ ಸಿಗುತ್ತದೆ. ಅದು ಗುಣಮಟ್ಟದ ಮುದ್ರೆ. ಊರಿನ ಹೆಸರು ಅದಕ್ಕೆ ಗೊತ್ತಿಲ್ಲ.

ಬಿಡಿಯಾಗಿ ತೂಗಿ ಕೊಡುವುದಕ್ಕೆ ಚೀಟಿಯೇ ಇರುವುದಿಲ್ಲ. ಅಲ್ಲಿ ಬಾಯಿ ಬಿಟ್ಟು ಕೇಳಬೇಕು. ಸೇಬಿನ ಪೆಟ್ಟಿಗೆಯ ಮೇಲೆ ದೇಶದ ಹೆಸರಿರುತ್ತದೆ, ಅಂಗಡಿಯವರು ತೋರಿಸುತ್ತಾರೆ. ಸಂತೆಯಲ್ಲಿ ಎಸಳು ತೀರಾ ದಪ್ಪ, ತೀರಾ ಬಿಳಿಯ ಬೆಳ್ಳುಳ್ಳಿ ಕಂಡರೆ ಎಲ್ಲಿಯದು ಎಂದು ವಿಚಾರಿಸಿ. ಚೀನಾ ಬೆಳ್ಳುಳ್ಳಿಯ ಆಮದಿಗೆ 2014ರಿಂದಲೇ ನಿಷೇಧವಿದೆ, ಕಳ್ಳದಾರಿಯಲ್ಲಿ ಬರುವುದು ನಿಂತಿಲ್ಲ.

ಆನ್‌ಲೈನ್‌ನಲ್ಲಿ ತರಿಸುವವರು ‘ಪ್ರಾಡಕ್ಟ್ ಡೀಟೇಲ್ಸ್’ ಕೆಳಗೆ ನೋಡಿ. 2020ರ ಇ–ಕಾಮರ್ಸ್ ನಿಯಮದಂತೆ ಮಾರುವವರು ಮೂಲ ದೇಶ ಹೇಳಲೇಬೇಕು. ಹೇಳಿಲ್ಲದಿದ್ದರೆ, ಸುಳ್ಳು ಹೇಳಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಬಿಲ್ ಮಾತ್ರ ಇಟ್ಟುಕೊಂಡಿರಿ. ಬಿಲ್ ಇಲ್ಲದ ದೂರು ಅರ್ಧ ದೂರು.

ಕಂಪನಿ ಅವರದ್ದು, ಕೂಲಿ ನಮ್ಮದು

ಇಲ್ಲಿ ಲೆಕ್ಕ ಸ್ವಲ್ಪ ತೊಡಕು. ನೆಸ್ಲೆ ಸ್ವಿಟ್ಜರ್ಲೆಂಡಿನ ಕಂಪನಿ. ಅದರ ಮ್ಯಾಗಿ ತಯಾರಾಗುವ ಕಾರ್ಖಾನೆಗಳಲ್ಲಿ ಒಂದು ನಮ್ಮ ನಂಜನಗೂಡಿನಲ್ಲಿದೆ. ಒಂದು ಪೊಟ್ಟಣ ಬಿಟ್ಟರೆ ಸ್ವಿಟ್ಜರ್ಲೆಂಡಿಗೆ ಹೋಗುವ ರಾಯಲ್ಟಿ, ಲಾಭಾಂಶದ ಚೂರು ನಿಲ್ಲುತ್ತದೆ. ನಂಜನಗೂಡಿನ ಕೂಲಿಯ ಚೂರೂ ನಿಲ್ಲುತ್ತದೆ. ತಿರುಗುಮುರುಗಾ ಕೂಡ ಉಂಟು: ಟೆಟ್ಲಿ ಚಹಾ ಇಂಗ್ಲೆಂಡಿನ ಹಳೆಯ ಹೆಸರು, 2000ದಿಂದ ಒಡೆಯರು ಟಾಟಾದವರು. ಇನ್ನು ನಮ್ಮದೇ ಬ್ರ್ಯಾಂಡಿನ ಹೆಸರಲ್ಲಿ ಚೀನಾದಲ್ಲಿ ಮಾಡಿಸಿ ತಂದ ಮಿಕ್ಸರ್, ಟಾರ್ಚುಗಳೂ ಇವೆ.

ನನ್ನನ್ನು ಕೇಳಿದರೆ ಕ್ರಮ ಹೀಗಿರಲಿ. ಹೊರಗೇ ತಯಾರಾಗಿ, ಹೊರಗಿನವರ ಒಡೆತನದಲ್ಲಿದ್ದು, ಇಲ್ಲಿ ಬದಲಿ ಸಿಗುವ ಮಾಲನ್ನು ಮೊದಲು ಬಿಡಿ. ಎರಡೂ ಕಡೆ ಬೆರೆತದ್ದನ್ನು ಕೊನೆಗೆ ನೋಡೋಣ. ಐದು ಮಾಲು ಗಟ್ಟಿಯಾಗಿ ಬಿಟ್ಟವರು ಐವತ್ತರ ಪಟ್ಟಿ ಹಂಚಿದವರಿಗಿಂತ ಹೆಚ್ಚು ಕೆಲಸ ಮಾಡಿರುತ್ತಾರೆ.

ಒಂದನ್ನು ಬಿಟ್ಟು ಇನ್ನೊಂದು ಹೊರದೇಶದ್ದನ್ನು ಹಿಡಿದರೆ ಏನಾಗುತ್ತದೆ ಎಂಬುದೂ ಗೊತ್ತಿರಲಿ. 2020ರ ಜನವರಿಯಲ್ಲಿ ಕಾಶ್ಮೀರದ ಬಗ್ಗೆ ಮಲೇಷ್ಯಾದ ಪ್ರಧಾನಿ ಆಡಿದ ಮಾತಿನಿಂದ ಮನಸ್ತಾಪವಾದ ಹೊತ್ತಿನಲ್ಲೇ ಸಂಸ್ಕರಿಸಿದ ಪಾಮ್ ಎಣ್ಣೆಯ ಆಮದಿಗೆ ಭಾರತ ಕಡಿವಾಣ ಹಾಕಿತು. ವ್ಯಾಪಾರ ಇಂಡೊನೇಷ್ಯಾದ ಕಡೆ ತಿರುಗಿತೇ ಹೊರತು ನಮ್ಮ ಶೇಂಗಾ ಬೆಳೆಗಾರನ ಕಡೆಗಲ್ಲ.

ಇವನ್ನು ಮುಟ್ಟಬೇಡಿ

ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್ ಗುಳಿಗೆಗಳನ್ನು ಯಾವ ಕಾರಣಕ್ಕೂ ಬಿಡಬೇಡಿ. ಗುಳಿಗೆ ನಮ್ಮಲ್ಲೇ ಆಗುತ್ತದೆ, ಅದರ ಮೂಲದ ಪುಡಿ ಬಹಳಷ್ಟು ಚೀನಾದಿಂದ ಬರುತ್ತದೆ; ಅದನ್ನು ಸರಿಪಡಿಸುವುದು ಸರ್ಕಾರದ ಕೆಲಸ, ನಿಮ್ಮ ಎದೆಯ ಕೆಲಸವಲ್ಲ. ಪೆಟ್ರೋಲ್, ಅಡುಗೆ ಅನಿಲ, ಪೊಟ್ಯಾಷ್ ಕೂಡ ಹೀಗೆಯೇ. ಇವುಗಳನ್ನು ಕಡಿಮೆ ಬಳಸಬಹುದು, ದೇಶ ನೋಡಿ ಆರಿಸುವ ಅವಕಾಶ ಬಂಕಿನಲ್ಲಾಗಲೀ ಗೊಬ್ಬರದ ಅಂಗಡಿಯಲ್ಲಾಗಲೀ ಇಲ್ಲ.

ಮನೆಯಲ್ಲಿ ಈಗಾಗಲೇ ಇರುವ ಮೊಬೈಲು, ಟಿ.ವಿ.ಗಳನ್ನು ಒಡೆಯುವುದು ಶುದ್ಧ ದಂಡ. ಕೊಟ್ಟ ದುಡ್ಡು ಆಗಲೇ ಗಡಿ ದಾಟಿದೆ. ಅದನ್ನು ಇನ್ನೆರಡು ವರ್ಷ ರಿಪೇರಿ ಮಾಡಿಸಿ ಬಳಸಿದರೆ ಶಿಕಾರಿಪುರದ ರಿಪೇರಿಯವರಿಗೆ ನಾಲ್ಕು ಕಾಸು ಸಿಗುತ್ತದೆ, ಹೊಸ ಆಮದೂ ಒಂದು ತಪ್ಪುತ್ತದೆ.

ಬದಲಿ ಮೊದಲು, ಬಿಡುವುದು ಆಮೇಲೆ

ಮೈಸೂರು ಸ್ಯಾಂಡಲ್ ಸೋಪಿನ ಹಿಂದಿನ ಕಥೆ ನೋಡಿ. ಮೊದಲ ಮಹಾಯುದ್ಧದಿಂದ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, 1916ರಲ್ಲಿ ಮೈಸೂರು ಸರ್ಕಾರ ತಾನೇ ಗಂಧದೆಣ್ಣೆ ತೆಗೆಯಲು ಕೈ ಹಾಕಿತು. ಸೋಪು ಅದರ ಬೆನ್ನಿಗೆ ಬಂತು.

ನಮ್ಮ ಸುತ್ತಲೇ ಎಷ್ಟಿದೆ ನೋಡಿ. ಬಟ್ಟೆಗೆ ದೂರ ಹೋಗಬೇಕಿಲ್ಲ: ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ‘ಚರಕ’ ಎಂಬ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆ ನೇಯಿಸಿ, ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕಿ ‘ದೇಸಿ’ ಅಂಗಡಿಗಳಲ್ಲಿ ಮಾರುತ್ತದೆ. ನಾವು ಅಡಿಕೆ ಬೇಯಿಸಿದ ಚೊಗರೇ ಅಲ್ಲಿ ಅಂಗಿಯ ಬಣ್ಣ. ಮದುವೆ, ಗೃಹಪ್ರವೇಶಕ್ಕೆ ಉಡುಗೊರೆಯೆಂದು ಪ್ಲಾಸ್ಟಿಕ್ ಗಡಿಯಾರ ಒಯ್ಯುವ ಬದಲು ಸೊರಬ, ಸಾಗರದ ಗುಡಿಗಾರರು ಕೆತ್ತಿದ ಒಂದು ಸಣ್ಣ ಮರದ ಗೊಂಬೆ ಒಯ್ಯಿರಿ. ದೀಪಾವಳಿಗೆ ಸೀರಿಯಲ್ ಲೈಟಿನ ಜಾಗಕ್ಕೆ ಕುಂಬಾರರ ಹಣತೆ. ಎಣ್ಣೆಗೆ ಗಾಣ, ದುಬಾರಿ, ನಿಜ. ಕರಿಯುವುದನ್ನು ಅರ್ಧಕ್ಕೆ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ, ಡಾಕ್ಟರೂ ಖುಷಿಪಡುತ್ತಾರೆ.

ಅಡಿಕೆಯ ಮಾತು ಬಂತಲ್ಲ. ಹೊರಗಿನ ಅಡಿಕೆ ಅಗ್ಗಕ್ಕೆ ನುಗ್ಗಿ ದರ ಕುಸಿಯುವ ಭಯ ನಮ್ಮ ತೋಟದವರಿಗೆ ಚೆನ್ನಾಗಿ ಗೊತ್ತು. ಆಮದು ಅಡಿಕೆಗೆ ಕಿಲೋಗೆ ಕನಿಷ್ಠ 351 ರೂಪಾಯಿ ಎಂದು 2023ರ ಫೆಬ್ರುವರಿಯಲ್ಲಿ ಗೊತ್ತು ಮಾಡಿದ್ದು ಬೆಳೆಗಾರರ ಒತ್ತಡದಿಂದಲೇ. ತಮ್ಮ ಬೆಳೆಗೆ ಕಾವಲು ಕೇಳುವವರು ಶೇಂಗಾ, ತೊಗರಿ ಬೆಳೆವವರನ್ನೂ ಕಿರಾಣಿ ಅಂಗಡಿಯಲ್ಲಿ ನೆನೆಸಬೇಕು.

ಕಣ್ಣಿಗೆ ಕಾಣದ ಸೇವೆಗಳು

ಯುಪಿಐ ನಮ್ಮದು, ನಿಜ. ಆದರೆ ಫೋನ್‌ಪೆಯಲ್ಲಿ ದೊಡ್ಡ ಪಾಲು ಅಮೆರಿಕದ ವಾಲ್‌ಮಾರ್ಟ್‌ನದು, ಗೂಗಲ್ ಪೇ ಗೂಗಲ್‌ನದು. ಅದೇ ಕೆಲಸಕ್ಕೆ ಭೀಮ್ ಆ್ಯಪ್ ಇದೆ, ಬದಲಾಯಿಸಲು ಹತ್ತು ನಿಮಿಷ ಸಾಕು. ಬ್ಯಾಂಕಿನಲ್ಲಿ ಕಾರ್ಡ್ ಹೊಸದು ಮಾಡಿಸುವಾಗ ರುಪೇ ಕೊಡಿ ಎಂದು ಬಾಯಿಬಿಟ್ಟು ಹೇಳಿ.

ಎಲ್ಲವೂ ಇಷ್ಟು ಸಲೀಸಲ್ಲ. ಬೆಂಗಳೂರಿನ ‘ಕೂ’ ಎಂಬ ಸಾಮಾಜಿಕ ಜಾಲತಾಣ ನೆನಪಿದೆಯೇ? ಕನ್ನಡದಲ್ಲಿ ಬರೆಯಲು ಹೇಳಿ ಮಾಡಿಸಿದಂತಿತ್ತು, 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಕೊಂಡಾಡಿದವರು ಬಹಳ, ಬಳಸಿದವರು ಕಡಿಮೆ.

ಅಂಗಡಿಯವರ ಹೊಟ್ಟೆಗೆ ಹೊಡೆಯಬೇಡಿ

ಟರ್ಕಿ ಸೇಬಿನ ಪೆಟ್ಟಿಗೆ ಅಂಗಡಿಗೆ ಬಂದಿದ್ದರೆ ಅದಕ್ಕೆ ದುಡ್ಡು ಕಟ್ಟಿದವರು ಆ ಅಂಗಡಿಯವರು. ಬೀದಿಗೆ ಚೆಲ್ಲಿದರೆ ನಷ್ಟ ಅಂಕಾರಾಕ್ಕಲ್ಲ. ‘ಮುಂದಿನ ಸಲ ಹಿಮಾಚಲದ್ದು ತರಿಸಿ, ನಾವು ಹತ್ತು ಮನೆಯವರು ಒಯ್ಯುತ್ತೇವೆ’ ಎಂದು ಹೇಳಿ. ಹೇಳಿದ ಮೇಲೆ ಒಯ್ಯಿರಿ. ಬೆದರಿಸುವುದು, ಬಾಗಿಲು ಹಾಕಿಸುವುದು ಅಪರಾಧ.

ನಮ್ಮ ಹಳ್ಳಿಗಳಲ್ಲಿ ‘ಬಹಿಷ್ಕಾರ’ ಎಂಬ ಮಾತಿಗೆ ಬೇರೆಯೇ ನೆನಪಿದೆ: ನೀರು, ಬೆಂಕಿ, ಮಾತು ನಿಲ್ಲಿಸಿ ಬಡವರನ್ನು ಊರಾಚೆ ಹಾಕುವುದು. ಅಂಗಡಿಯವರ ಜಾತಿ, ಧರ್ಮ ನೋಡಿ ವ್ಯಾಪಾರ ನಿಲ್ಲಿಸುವವರು ಮಾಡುತ್ತಿರುವುದು ಅದನ್ನೇ. ಅದರಲ್ಲಿ ಯಾವ ಪರದೇಶವೂ ಇಲ್ಲ. ಸ್ವದೇಶಿ ಚಳವಳಿಯ ಹೆಸರಲ್ಲಿ ಬಡ ವ್ಯಾಪಾರಿಗಳು ನಲುಗಿದ್ದನ್ನು ರವೀಂದ್ರನಾಥ ಟ್ಯಾಗೋರರು 1916ರಲ್ಲೇ ‘ಘರೆ ಬೈರೆ’ ಕಾದಂಬರಿಯಲ್ಲಿ ಬರೆದಿಟ್ಟಿದ್ದಾರೆ.

ಕೊನೆಯ ಕೆಲಸ ಬಹುತೇಕರು ಮಾಡುವುದೇ ಇಲ್ಲ: ತಿಳಿಸುವುದು. ನೀವು ಸುಮ್ಮನೆ ಬಿಟ್ಟರೆ ಕಂಪನಿಗೆ ಅದು ಮಳೆಗಾಲದ ಮಂದ ವ್ಯಾಪಾರದಂತೆ ಕಾಣುತ್ತದೆ. ಪ್ರತಿ ಪೊಟ್ಟಣದ ಮೇಲೂ ಗ್ರಾಹಕರ ದೂರಿಗೆಂದು ಫೋನ್, ಇ–ಮೇಲ್ ಇರಬೇಕು. ನಾಲ್ಕು ಸಾಲು ಬರೆಯಿರಿ, ಇಂಥ ಕಾರಣಕ್ಕೆ, ಇಂಥ ದಿನದವರೆಗೆ ನಿಮ್ಮ ಮಾಲು ಕೊಳ್ಳುವುದಿಲ್ಲ ಎಂದು. ಆ ದಿನ ಬಂದಾಗ ಹಾಳೆ ತೆಗೆದು ನೋಡಿ, ಮುಂದುವರಿಸಿ ಅಥವಾ ನಿಲ್ಲಿಸಿ.

ಎಲ್ಲಿಂದ ಶುರು ಮಾಡುವುದು ಎಂದು ಇನ್ನೂ ಗೊಂದಲವಿದ್ದರೆ ಬಾವುಟದಿಂದಲೇ ಮಾಡಿ. 2021ರ ಡಿಸೆಂಬರ್ 30ರ ತಿದ್ದುಪಡಿಯ ನಂತರ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಇದೆ. ಖಾದಿಯದ್ದು ಬೇಕೆಂದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಬಿಐಎಸ್ ಮಾನದಂಡದಂತೆ ತಯಾರಿಸುತ್ತದೆ. ಬರುವ ಆಗಸ್ಟ್ 15ಕ್ಕೆ ಕೊಳ್ಳುವ ಬಾವುಟ ಯಾವ ಬಟ್ಟೆಯದು, ಎಲ್ಲಿಯದು ಎಂದು ಅಂಗಡಿಯಲ್ಲಿ ಕೇಳಿ. ಖಾದಿಯದ್ದೇ ಬೇಕಾದರೆ ಜುಲೈಯಲ್ಲೇ ಹೇಳಿಟ್ಟಿರಿ.