ಮುದ್ರೆ ನೋಡಿ ಮೋಸ ಹೋಗಬೇಡಿ

ಟಿಕೋಟಾ, ಬಬಲೇಶ್ವರದಿಂದ ಅಜ್ಜಿಯ ಬೋರಮಾಳ, ಪಾಟ್ಲಿ ಹಿಡಿದು ವಿಜಯಪುರದ ಸರಾಫರ ಅಂಗಡಿಗೆ ಹೊರಟಿದ್ದೀರಾ? ಸ್ವಲ್ಪ ತಡೆಯಿರಿ. ಮುದ್ರೆ ಇಲ್ಲವೆಂದು ಒಡವೆಯನ್ನು ಖೋಟಾ ಅನ್ನಬೇಡಿ. ಚಿನ್ನಕ್ಕೆ ಬಿಐಎಸ್ ಹಾಲ್‌ಮಾರ್ಕ್ ಬಂದದ್ದೇ 2000ದಲ್ಲಿ. ಅದಕ್ಕೂ ಮುಂಚೆ ಊರ ಪತ್ತಾರರ ಮಾತೇ ಮುದ್ರೆ. ಒಡವೆ ಮೇಲೆ ಆರು ಅಂಕಿ-ಅಕ್ಷರಗಳ ಗುರುತು, ಅಂದರೆ ಎಚ್‌ಯುಐಡಿ ಇದ್ದರೆ ಅದನ್ನು ಒತ್ತಿದ್ದು 2021ರ ಈಚೆಗೆ. ಆದರೆ ಹಳೆಯ ಒಡವೆಗೂ ಈಗ ಮುದ್ರೆ ಹಾಕಿಸಬಹುದು, ಮುದ್ರೆ ಇರುವ ಕೊಂಡಿಯಷ್ಟೇ ಹೊಸದಾಗಿರಲೂಬಹುದು; ಹಾಗಾಗಿ ಮುದ್ರೆ ನೋಡಿ ಒಡವೆಯ ವಯಸ್ಸು ಹೇಳಲಾಗದು.

ರೂಪಾಯಿ ಸರದವರು ಇನ್ನೂ ಹುಷಾರು. ರಾಣಿ ಛಾಪಿನ 1862ರ ರೂಪಾಯಿಯನ್ನು ಟಂಕಸಾಲೆ ಅದೇ ಇಸವಿ ಇಟ್ಟು ಮುಂದೆಯೂ ಹಲವು ವರ್ಷ ಅಚ್ಚು ಹಾಕಿತು. ಸರ ಪೋಣಿಸಿದ್ದು ಅದಕ್ಕೂ ಎಷ್ಟೋ ಈಚೆಗಿರಬಹುದು. ಇಸವಿ ಬಿಟ್ಟು ಬೆಸುಗೆ ನೋಡಿಸಿ, ಸವೆತ ನೋಡಿಸಿ. ‘ಆದಿಲಶಾಹಿ ಕಾಲದ್ದು’ ಅಂತ ದರ ಏರಿಸುವವರಿಗೆ ಆಧಾರ ಕೇಳಿ. ಕರಗಿಸುವ ಮಾತು ಆಮೇಲೆ.