ಕೈಗೆ ಹಗುರಾದರೆ ಒಳ್ಳೆಯ ವಿಮಾನವೇ?

ಪುಟ್ಟ ವಿಮಾನಗಳನ್ನು ಹೋಲಿಸುವಾಗ 'ಇದರ ಕಂಟ್ರೋಲ್ ಹಗುರ, ಅದರದ್ದು ಭಾರ' ಎನ್ನುವುದು ಪೈಲಟ್‌ಗಳ ರೂಢಿ. ಹಗುರ ಎಂದವರ ದನಿಯಲ್ಲಿ ಮೆಚ್ಚುಗೆಯೂ ಇರುತ್ತದೆ. ಕೈ ಎಷ್ಟು ಬಲ ಹಾಕಬೇಕು, ಯೋಕ್ (ವಿಮಾನ ನಡೆಸುವ ಹಿಡಿಕೆ) ಎಷ್ಟು ದೂರ ಸರಿಯಬೇಕು, ಅಷ್ಟಕ್ಕೆ ವಿಮಾನ ಎಷ್ಟು ತಿರುಗುತ್ತದೆ ಎಂಬ ಮೂರನ್ನೂ ಬೇರೆಬೇರೆಯಾಗಿ ನೋಡದೆ ಈ ಹೋಲಿಕೆಗೆ ಅರ್ಥವಿಲ್ಲ ಎಂಬುದು ನಾನು ಕಲಿತ ಪಾಠ. ಕಡಿಮೆ ಬಲ ಸಾಕಾಗುವುದೇ ದೊಡ್ಡ ಗುಣವಾಗಿದ್ದರೆ, ವಿಮಾನ ಕಟ್ಟುವವರು ಬೇಕೆಂತಲೇ ಭಾರ ಸೇರಿಸುತ್ತಿರಲಿಲ್ಲ. ಪೈಪರ್ ಚೆರೊಕಿಯ ಬಾಲವನ್ನೇ ನೋಡಿ. ಅಲ್ಲಿ ಹಿಂದಿನ ಅಡ್ಡರೆಕ್ಕೆ ಇಡಿಯಾಗಿ ಅಲುಗುತ್ತದೆ, ಅದೇ ಸ್ಟೆಬಿಲೇಟರ್. ನಿಂತ ವಿಮಾನದಲ್ಲಿ ಅದನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿದರೆ, ಹಿಂದಂಚಿನ ಕಿರುಪಟ್ಟಿ ಅದೇ ದಿಕ್ಕಿಗೆ ಇನ್ನೂ ಹೆಚ್ಚು ಬಾಗುವುದು ಕಾಣುತ್ತದೆ. ಹಾರುವಾಗ ಗಾಳಿ ಆ ಪಟ್ಟಿಯನ್ನು ಒತ್ತಿ ಪೈಲಟ್‌ನ ಕೈಗೆ ಎದುರು ಬಲ ಕೊಡುತ್ತದೆ. ಅದು ಇರುವುದೇ ಅದಕ್ಕೆ.

ಈ ಎದುರು ಬಲ ಯಾಕೆ ಬೇಕು ಎನ್ನುವವರು ಸೆಸ್ನಾ 177 ಕಾರ್ಡಿನಲ್‌ನ ಚರಿತ್ರೆ ಓದಬೇಕು. ಜನಪ್ರಿಯ 172ರ ಜಾಗಕ್ಕೆಂದೇ 1968ರ ಮಾಡೆಲ್ ಆಗಿ ಬಂದ ಇದಕ್ಕೂ ಸ್ಟೆಬಿಲೇಟರ್ ಇತ್ತು, ಅದು ಕೈಗೆ ಹಗುರವಾಗಿತ್ತು. 172ರಲ್ಲಿ ಮೂಗನ್ನು ಏರಿಳಿಸುವ ಎಲಿವೇಟರ್ ಭಾರದ್ದು. ಮುಂದಿನ ಎರಡು ಸೀಟು ಮಾತ್ರ ತುಂಬಿದ್ದರಂತೂ ನೆಲ ಮುಟ್ಟುವ ಮುನ್ನ ಮೂಗು ಎತ್ತುವ ಫ್ಲೇರ್‌ನಲ್ಲಿ ಗಟ್ಟಿಯಾಗಿಯೇ ಎಳೆಯಬೇಕು. ಅಲ್ಲಿ ಪಳಗಿದ ಕೈ ಕಾರ್ಡಿನಲ್‌ನಲ್ಲೂ ಹಾಗೇ ಎಳೆದರೆ ಮೂಗು ಥಟ್ಟನೆ ಏಳುತ್ತಿತ್ತು, ತಗ್ಗಿಸಹೋದರೆ ಅತಿಯಾಗಿ ತಗ್ಗುತ್ತಿತ್ತು, ವಿಮಾನ ರನ್‌ವೇ ಮೇಲೆ ಪುಟಿಯುತ್ತಿತ್ತು. ಸಾಲದ್ದಕ್ಕೆ ಫ್ಲೇರ್‌ನಲ್ಲಿ ಸ್ಟೆಬಿಲೇಟರೇ ಸ್ಟಾಲ್ ಆಗಿ (ಗಾಳಿಯ ಹಿಡಿತ ತಪ್ಪಿ) ಮೂಗು ಕುಸಿಯುವ ಕಾಟ. ಕೊನೆಗೆ ಸೆಸ್ನಾ ಸ್ಟೆಬಿಲೇಟರ್‌ನ ಮುಂದಂಚಿನಲ್ಲಿ ಸೀಳುಗಳನ್ನು ಮಾಡಿ, ಆಗಲೇ ಮಾರಿದ್ದ ವಿಮಾನಗಳಿಗೂ ಅವನ್ನು ಹಾಕಿಸಿಕೊಟ್ಟಿತು. 177ರ ಉತ್ಪಾದನೆ 1978ಕ್ಕೆ ನಿಂತಿತು. 172 ಅದರ ನಂತರವೂ ಉಳಿಯಿತು. (ಸುಂದರ ವಿಮಾನ, ಪಾಪ.)

ಕೈಗೆ ಒಗ್ಗಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ವಾದವಿದೆ. ಶಾಂತ ಗಾಳಿಯಲ್ಲಿ, ಬೇರೆ ಕೆಲಸವಿಲ್ಲದಾಗ ಹೌದು. ಅಡ್ಡಗಾಳಿಯಲ್ಲಿ ಇಳಿಯುತ್ತ ರೇಡಿಯೋಗೂ ಉತ್ತರಿಸಬೇಕಾದಾಗ ಕೈ ಹಳೆಯ ಚಾಳಿಗೇ ಮರಳುತ್ತದೆ. ಕಾರ್ಡಿನಲ್‌ನಲ್ಲಿ ಎಡವಿದವರೇನೂ ಎಲ್ಲರೂ ಹೊಸಬರಾಗಿರಲಿಲ್ಲ. ಪಿಟ್ಸ್ ಸ್ಪೆಷಲ್‌ನ ಚುರುಕನ್ನು ಜನ ಕೊಂಡಾಡುವುದಿಲ್ಲವೇ ಎಂದೂ ಕೇಳುತ್ತಾರೆ. ಕೊಂಡಾಡುತ್ತಾರೆ, ಪಲ್ಟಿ ಹೊಡೆಯಲೆಂದೇ ಹುಟ್ಟಿದ ವಿಮಾನ ಅದು. ಮೋಡದೊಳಗೆ ಉಪಕರಣ ನೋಡಿಕೊಂಡು ಹಾರುವಾಗ, ಮಡಿಲಲ್ಲಿ ನಕ್ಷೆ ಬಿಚ್ಚಿಕೊಂಡಾಗ, ಅದೇ ಚುರುಕು ಶಿಕ್ಷೆ. ವಿಮಾನದ ಹ್ಯಾಂಡ್ಲಿಂಗ್ ಅಳೆಯಲು 1969ರಲ್ಲಿ ಬಂದ ಕೂಪರ್-ಹಾರ್ಪರ್ ಮಾಪಕ ಕೂಡ ಮೊದಲು ಕೆಲಸವನ್ನು ನಿಗದಿ ಮಾಡಿ, ಅದನ್ನು ಸಾಧಿಸಲು ಪೈಲಟ್ ಎಷ್ಟು ಹೆಣಗಬೇಕು ಎಂದು ನೋಡಿ 1ರಿಂದ 10ರ ತನಕ ಅಂಕ ಕೊಡುತ್ತದೆ. ಕೈಗೆ ಹಿತವಾಯಿತೇ ಎಂಬುದು ಅದರ ಪ್ರಶ್ನೆಯೇ ಅಲ್ಲ.

ಹೋಲಿಕೆಯನ್ನು ಕೆಡಿಸುವ ಇನ್ನೊಂದು ಸಂಗತಿಯೆಂದರೆ, ಒಂದೇ ವಿಮಾನ ಎರಡು ದಿನ ಎರಡು ಬಗೆಯಾಗಿರುತ್ತದೆ. ವೇಗ 60 ನಾಟ್‌ನಿಂದ 120ಕ್ಕೆ ಏರಿದರೆ ಎಲಿವೇಟರನ್ನು ಅಷ್ಟೇ ಕೋನಕ್ಕೆ ಬಾಗಿಸಲು ಸುಮಾರು ನಾಲ್ಕು ಪಟ್ಟು ಬಲ ಬೇಕು. ಹಿಂದಿನ ಸೀಟಿನಲ್ಲಿ ಇಬ್ಬರು ಕೂತು, ಲಗೇಜೂ ಸೇರಿ ಗುರುತ್ವ ಕೇಂದ್ರ ಹಿಂದೆ ಸರಿದರೆ, 'ಭಾರ' ಎನಿಸಿಕೊಂಡ 172 ಕೂಡ ಹಗುರಾಗುತ್ತದೆ. ಹಿಡಿಕೆಯೂ ಮೋಸ ಮಾಡುತ್ತದೆ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ರೂಪಿಸಿದ ಹಂಸ-3ರಲ್ಲಿ ಇರುವುದು ಸ್ಟಿಕ್, ಸೆಸ್ನಾ 152ರಲ್ಲಿ ಯೋಕ್. ಮಣಿಕಟ್ಟು ಮಾಡುವ ಕೆಲಸಕ್ಕೂ ತೋಳು ಮಾಡುವ ಕೆಲಸಕ್ಕೂ ವ್ಯತ್ಯಾಸವಿದೆ. ಹಳೆಯ ವಿಮಾನದ ಕೇಬಲ್ ಮತ್ತು ಪುಲ್ಲಿಗಳ ತಿಕ್ಕಾಟವನ್ನು ವಿನ್ಯಾಸದ ಭಾರವೆಂದು ತಿಳಿಯುವವರೂ ಉಂಟು. ಹೊರಡುವ ಮುನ್ನ ಯೋಕ್ ಅನ್ನು ಬಹಳ ನಿಧಾನವಾಗಿ ಸರಿಸಿದರೆ ಅದು ಎಲ್ಲಿ ತಡೆದು ತಡೆದು ಜಾರುತ್ತದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಹಾಗಾಗಿ ಯಾರಾದರೂ ಒಂದು ವಿಮಾನದ ಹ್ಯಾಂಡ್ಲಿಂಗ್ ಹೊಗಳಿದರೆ, ಯಾವ ವೇಗಕ್ಕೆ ಟ್ರಿಮ್ ಮಾಡಿದ್ದಿರಿ, ಹಿಂದೆ ಯಾರು ಕೂತಿದ್ದರು ಎಂದು ಮೊದಲು ಕೇಳುತ್ತೇನೆ.